ಇನ್‌ಸ್ಟಾಲ್ ಬೇರೆ, ಇಂಪೋರ್ಟ್ ಬೇರೆ: ಹೊರಗಿನ ಪ್ಯಾಕೇಜ್‌ಗಳನ್ನು ಕಲಿಸುವ ಪಾಠ

ಕಂಪ್ಯೂಟರ್ ವಿಜ್ಞಾನವನ್ನು ಬೋಧನಾ ವಿಷಯವಾಗಿ ಆರಿಸಿಕೊಂಡ ಪ್ರಶಿಕ್ಷಣಾರ್ಥಿಗಳ ಪಾಠಗಳನ್ನು ನಾನು ಪ್ರತಿ ವರ್ಷ ಅವಲೋಕಿಸುತ್ತೇನೆ. ಪೈಥಾನ್ ಪಾಠಗಳ ಸರಣಿಯಲ್ಲಿ ವೇರಿಯಬಲ್, ಷರತ್ತು, ಲೂಪ್, ಫಂಕ್ಷನ್ ಎಲ್ಲವೂ ಒಂದು ಲಯದಲ್ಲಿ ಸಾಗುತ್ತವೆ. ಹೊರಗಿನವರು ಬರೆದ ಪ್ಯಾಕೇಜೊಂದನ್ನು ತಂದು ಬಳಸುವ ದಿನ ಮಾತ್ರ ಲ್ಯಾಬಿನ ಚಿತ್ರವೇ ಬದಲಾಗುತ್ತದೆ. ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಬಗೆಯ ದೋಷ ಸಂದೇಶ. ಪ್ರಶಿಕ್ಷಣಾರ್ಥಿ ಆ ಯಂತ್ರದಿಂದ ಈ ಯಂತ್ರಕ್ಕೆ ಓಡುತ್ತಾರೆ, ತಾವೇ ಕೀಲಿಮಣೆ ಹಿಡಿದು ಸರಿಮಾಡುತ್ತಾರೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಪಾಠಯೋಜನೆಯಲ್ಲಿ ಬರೆದ ಗ್ರಾಫ್ ಬಹುತೇಕ ಪರದೆಗಳ ಮೇಲೆ ಮೂಡಿರುವುದಿಲ್ಲ.

ಹೋದದ್ದು ಒಂದು ಅವಧಿ ಮಾತ್ರವಾಗಿದ್ದರೆ ಅದನ್ನು ಮರುದಿನ ತುಂಬಿಕೊಳ್ಳಬಹುದಿತ್ತು. ಆದರೆ ಅಂಥ ಅವಧಿಯಿಂದ ವಿದ್ಯಾರ್ಥಿ ಬೇರೊಂದು ಪಾಠ ಕಲಿತು ಹೋಗುತ್ತಾನೆ: 'ಇದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ, ಕೆಟ್ಟರೆ ಯಾರಾದರೂ ಬಂದು ಸರಿಮಾಡಿಕೊಡಬೇಕು'. ಮನೆಯಲ್ಲಿ ಕಂಪ್ಯೂಟರ್ ಇರುವವನು ಸಂಜೆ ಮತ್ತೆ ಕೂತು ನಾಲ್ಕು ಸಲ ಪ್ರಯತ್ನಿಸಿ ಈ ತೀರ್ಮಾನವನ್ನು ತಿದ್ದಿಕೊಳ್ಳುತ್ತಾನೆ. ವಾರಕ್ಕೊಂದು ಲ್ಯಾಬ್ ಅವಧಿ, ಅದರಲ್ಲೂ ಇಬ್ಬರಿಗೆ ಒಂದು ಯಂತ್ರ ಸಿಗುವ ವಿದ್ಯಾರ್ಥಿನಿಗೆ ಆ ಅವಕಾಶ ಇರುವುದಿಲ್ಲ. ಲೂಪ್‌ಗಳನ್ನು ಚೆನ್ನಾಗಿಯೇ ಬರೆಯುತ್ತಿದ್ದವಳು ಈ ಒಂದು ಹಂತದಲ್ಲಿ ಹಿಂದೆ ಸರಿಯುವುದನ್ನು ನಾನು ನೋಡಿದ್ದೇನೆ. ಈ ಲೇಖನ ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಪ್ಯಾಕೇಜ್ ಬಳಸುವುದರಲ್ಲಿ ಎರಡು ಪ್ರತ್ಯೇಕ ಕೆಲಸಗಳಿವೆ. ಅವು ಬೇರೆ ಬೇರೆ ಜಾಗದಲ್ಲಿ ನಡೆಯುತ್ತವೆ, ಬೇರೆ ಬೇರೆ ರೀತಿಯಲ್ಲಿ ಕೆಡುತ್ತವೆ. ಆ ಎರಡನ್ನೂ ಬಿಡಿಸಿ ತೋರಿಸಿದರೆ ತನ್ನ ಯಂತ್ರದಲ್ಲಿ ಕೆಟ್ಟಿರುವುದು ಯಾವುದು ಎಂದು ವಿದ್ಯಾರ್ಥಿಯೇ ಓದಿಕೊಳ್ಳಬಲ್ಲಳು. ನಾನು ಹೇಳಹೊರಟಿರುವುದು ಇಷ್ಟೇ. ಓದುಗರಿಗೆ ಒಂದು ಸೂಚನೆ: ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಯಂತ್ರದಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಬೀರುವಿಗೆ ಬಂದ ಪುಸ್ತಕ, ಮೇಜಿನ ಮೇಲೆ ತೆರೆದ ಪುಸ್ತಕ

ಪಾಠದ ಪೂರ್ವಜ್ಞಾನವಾಗಿ ಮೂರು ಬಗೆಯ ಸಾಮಗ್ರಿಗಳನ್ನು ಗುರುತಿಸಬೇಕು. ಪ್ರಿಂಟ್, ಲೆನ್ ಇಂಥವು ಪೈಥಾನ್ ಶುರುವಾದ ಕ್ಷಣದಿಂದಲೇ ಕೈಗೆ ಸಿಗುತ್ತವೆ. ಮ್ಯಾಥ್, ರ್‍ಯಾಂಡಮ್ ಇಂಥ ಮಾಡ್ಯೂಲ್‌ಗಳು ಪೈಥಾನ್ ಜೊತೆಯಲ್ಲೇ ಬಂದಿರುತ್ತವೆ, ಆದರೆ ಬಳಸುವ ಮೊದಲು ಇಂಪೋರ್ಟ್ ಎಂದು ಕರೆಯಬೇಕು. ಮ್ಯಾಟ್‌ಪ್ಲಾಟ್‌ಲಿಬ್, ನಮ್‌ಪೈ ಇಂಥವು ಪೈಥಾನ್ ಜೊತೆ ಬರುವುದಿಲ್ಲ. ಪೈಥಾನ್ ತಂಡದವರೂ ಅಲ್ಲದ, ನಾವೂ ಅಲ್ಲದ ಮೂರನೆಯವರು ಅವುಗಳನ್ನು ಬರೆದಿರುತ್ತಾರೆ. ಅವನ್ನು ಮೊದಲು ತರಬೇಕು, ಆಮೇಲೆ ಕರೆಯಬೇಕು.

ತರುವುದು ಪಿಪ್‌ನ ಕೆಲಸ. 'ಪಿಪ್ ಇನ್‌ಸ್ಟಾಲ್ ಮ್ಯಾಟ್‌ಪ್ಲಾಟ್‌ಲಿಬ್' ಎಂದಾಗ ಪಿಪ್ ಇಂಟರ್‌ನೆಟ್ಟಿನಲ್ಲಿರುವ ಪೈಪಿಐ ಎಂಬ ಭಂಡಾರದಿಂದ ಫೈಲುಗಳನ್ನು ಇಳಿಸಿ, ಪೈಥಾನ್ ಇರುವ ಜಾಗದಲ್ಲಿ 'ಸೈಟ್-ಪ್ಯಾಕೇಜಸ್' ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಆ ಭಂಡಾರ 2003ರಿಂದ ಇದೆ. ಪಿಪ್ 2008ರಲ್ಲಿ ಬಂತು. 2014ರಲ್ಲಿ ಬಂದ ಪೈಥಾನ್ 3.4ರಿಂದ ಅದು ಪೈಥಾನ್ ಜೊತೆಗೇ ಸಿಗುತ್ತಿದೆ. ಕರೆಯುವುದು ಪ್ರೋಗ್ರಾಮಿನ ಕೆಲಸ. 'ಇಂಪೋರ್ಟ್ ಮ್ಯಾಟ್‌ಪ್ಲಾಟ್‌ಲಿಬ್' ಎಂದಾಗ ಪೈಥಾನ್ ತನಗೆ ಗೊತ್ತಿರುವ ಫೋಲ್ಡರುಗಳನ್ನು ಒಂದಾದ ಮೇಲೊಂದು ಹುಡುಕಿ, ಆ ಹೆಸರಿನದು ಸಿಕ್ಕಿದಲ್ಲಿ ನಿಂತು, ಅದನ್ನು ನಡೆಸಿ, ಪ್ರೋಗ್ರಾಮಿನ ಕೈಗೆ ಕೊಡುತ್ತದೆ. ತರುವುದು ಒಂದು ಪೈಥಾನ್‌ಗೆ ಒಮ್ಮೆ ಸಾಕು. ಕರೆಯುವುದು ಪ್ರತಿ ಪ್ರೋಗ್ರಾಮಿನಲ್ಲೂ ಆಗಬೇಕು.

ತರಗತಿಯಲ್ಲಿ ನಾನು ಸೂಚಿಸುವ ಹೋಲಿಕೆ ಶಾಲೆಯ ಗ್ರಂಥಾಲಯದ್ದು. ಪುಸ್ತಕ ಕೊಂಡು ತಂದು, ದಾಖಲೆಗೆ ಹತ್ತಿಸಿ, ಬೀರುವಿನಲ್ಲಿ ಇಡುವುದು ಒಂದು ಕೆಲಸ. ಓದುವವರು ಅದನ್ನು ಬೀರುವಿನಿಂದ ತೆಗೆದು ಮೇಜಿನ ಮೇಲೆ ತೆರೆಯುವುದು ಇನ್ನೊಂದು. ಬೀರುವಿನಲ್ಲಿ ಪುಸ್ತಕ ಇದ್ದ ಮಾತ್ರಕ್ಕೆ ಪಾಠ ಓದಿದಂತಾಗುವುದಿಲ್ಲ. ತರಿಸದೇ ಇದ್ದ ಪುಸ್ತಕವನ್ನು ಬೀರುವಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ವಿದ್ಯಾರ್ಥಿಗಳು ಇದನ್ನು ತಕ್ಷಣ ಹಿಡಿಯುತ್ತಾರೆ.

ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಿಕೊಡಬೇಕು. ಒಬ್ಬರು ಪುಸ್ತಕ ಒಯ್ದರೆ ಇನ್ನೊಬ್ಬರಿಗೆ ಸಿಗುವುದಿಲ್ಲ, ಆದರೆ ಪ್ಯಾಕೇಜನ್ನು ಹತ್ತು ಪ್ರೋಗ್ರಾಮುಗಳು ಒಟ್ಟಿಗೆ ಕರೆಯಬಹುದು. ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಪುಸ್ತಕ ತೆರೆದರೆ ಅದು ತಾನಾಗಿ ಏನೂ ಮಾಡುವುದಿಲ್ಲ. ಪ್ಯಾಕೇಜನ್ನು ಇಂಪೋರ್ಟ್ ಮಾಡಿದರೆ ಅದರೊಳಗಿನ ಕೋಡ್ ನಮ್ಮ ಯಂತ್ರದಲ್ಲಿ ನಡೆಯುತ್ತದೆ. ಕೆಲವು ಪ್ಯಾಕೇಜ್‌ಗಳ ಕೋಡ್ ಇನ್‌ಸ್ಟಾಲ್ ಹಂತದಲ್ಲೇ ನಡೆಯುತ್ತದೆ. ಸುರಕ್ಷತೆಯ ಭಾಗದಲ್ಲಿ ಈ ಮಾತಿಗೆ ಮತ್ತೆ ಬರುತ್ತೇನೆ.

ಈ ವ್ಯತ್ಯಾಸ ಪೈಥಾನ್‌ಗೆ ಮಾತ್ರ ಸೇರಿದ್ದಲ್ಲ. ಸಂಖ್ಯಾಶಾಸ್ತ್ರದವರು ಬಳಸುವ ಆರ್ ಭಾಷೆಯಲ್ಲೂ 'ಇನ್‌ಸ್ಟಾಲ್ ಡಾಟ್ ಪ್ಯಾಕೇಜಸ್' ಎಂದು ಒಮ್ಮೆ ತರಿಸಿ, 'ಲೈಬ್ರರಿ' ಎಂದು ಪ್ರತಿ ಬಾರಿ ಕರೆಯಬೇಕು. ಅಲ್ಲಿ ತರಿಸಿರದ ಪ್ಯಾಕೇಜನ್ನು ಕರೆದರೆ 'ಆ ಹೆಸರಿನ ಪ್ಯಾಕೇಜ್ ಇಲ್ಲ' ಎನ್ನುತ್ತದೆ. ತರಿಸಿಯೂ ಕರೆಯದೆ ಅದರ ಫಂಕ್ಷನ್ ಬಳಸಿದರೆ 'ಫಂಕ್ಷನ್ ಸಿಗಲಿಲ್ಲ' ಎನ್ನುತ್ತದೆ. ಎರಡು ತಪ್ಪಿಗೆ ಎರಡು ಬೇರೆ ಉತ್ತರ. ಒಂದು ಭಾಷೆಯಲ್ಲಿ ಇದನ್ನು ಸರಿಯಾಗಿ ಕಲಿತವರು ಇನ್ನೊಂದಕ್ಕೆ ಹೋದಾಗ ತಡವರಿಸುವುದಿಲ್ಲ.

ಯಾರ ಜೊತೆ ಮಾತನಾಡುತ್ತಿದ್ದೇವೆ?

ಲ್ಯಾಬಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತೊಡಕು ಜಾಗದ್ದು. ಪಿಪ್ ಕಮಾಂಡನ್ನು ಆಪರೇಟಿಂಗ್ ಸಿಸ್ಟಮಿನ ಟರ್ಮಿನಲ್ಲಿಗೆ ಹೇಳಬೇಕು. ಇಂಪೋರ್ಟ್ ಸಾಲನ್ನು ಪೈಥಾನ್‌ಗೆ ಹೇಳಬೇಕು. ಎರಡೂ ಕಪ್ಪು ಅಥವಾ ಬಿಳಿ ಕಿಟಕಿಗಳೇ, ಎರಡರಲ್ಲೂ ಮಿನುಗುವ ಗೆರೆಯೊಂದಿದೆ. ವಿದ್ಯಾರ್ಥಿಯ ಕಣ್ಣಿಗೆ ಎರಡೂ ಒಂದೇ.

'>>>' ಗುರುತಿನ ಮುಂದೆ ಪಿಪ್ ಇನ್‌ಸ್ಟಾಲ್ ಎಂದು ಬರೆದರೆ ಪೈಥಾನ್ 'ಸಿಂಟ್ಯಾಕ್ಸ್ ಎರರ್' ಎನ್ನುತ್ತದೆ. ವಾಕ್ಯರಚನೆ ತಪ್ಪು ಎಂದು ಅದರ ಅರ್ಥ. ವಿದ್ಯಾರ್ಥಿ ಕಾಗುಣಿತವನ್ನು ಮತ್ತೆ ಮತ್ತೆ ನೋಡುತ್ತಾಳೆ. ಕಾಗುಣಿತ ಸರಿಯಾಗಿಯೇ ಇರುತ್ತದೆ, ಅದನ್ನು ಹೇಳಬೇಕಾದ ಜಾಗ ಬೇರೆ. ಇದರ ತಿರುಗುಮುರುಗನ್ನೂ ನೋಡಬಹುದು. ವಿಂಡೋಸ್ ಟರ್ಮಿನಲ್ಲಿನಲ್ಲಿ ಇಂಪೋರ್ಟ್ ಎಂದು ಬರೆದರೆ ಅಂಥ ಕಮಾಂಡ್ ಗೊತ್ತಿಲ್ಲ ಎನ್ನುತ್ತದೆ. ಕೆಲವು ಲಿನಕ್ಸ್ ಯಂತ್ರಗಳಲ್ಲಿ ಇನ್ನೂ ವಿಚಿತ್ರ: ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ಸಂಸ್ಕರಣೆಯ ತಂತ್ರಾಂಶ ಇದ್ದರೆ ಅದರಲ್ಲಿ 'ಇಂಪೋರ್ಟ್' ಎಂಬ ಕಮಾಂಡೇ ಇದೆ. ಅದು ಪರದೆಯ ಚಿತ್ರ ತೆಗೆಯುವ ಕಮಾಂಡ್. ದೋಷ ಸಂದೇಶ ಏನೂ ಬರುವುದಿಲ್ಲ, ಮೌಸಿನ ಬಾಣ ಕೂಡಿಸುವ ಚಿಹ್ನೆಯಾಗಿ ಬದಲಾಗಿ ನಿಲ್ಲುತ್ತದೆ.

ಒಬ್ಬ ಪ್ರಶಿಕ್ಷಣಾರ್ಥಿ ಇದಕ್ಕೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಕಪ್ಪುಹಲಗೆಯನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದರು. ಎಡಗಡೆ 'ಟರ್ಮಿನಲ್', ಬಲಗಡೆ 'ಪೈಥಾನ್'. ಆ ದಿನ ಹಲಗೆಯ ಮೇಲೆ ಬರೆದ ಪ್ರತಿ ಸಾಲೂ ತನ್ನ ಪಾಲಿನ ಭಾಗದಲ್ಲೇ ಬಂತು. ಯಾರಾದರೂ ದೋಷ ತೋರಿಸಿದರೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಇದನ್ನು ಯಾವ ಕಡೆ ಬರೆದೆ?" ಹತ್ತು ನಿಮಿಷದಲ್ಲಿ ವಿದ್ಯಾರ್ಥಿಗಳು ಆ ಪ್ರಶ್ನೆಯನ್ನು ಪಕ್ಕದವರಿಗೆ ಕೇಳತೊಡಗಿದರು. ಸೀಮೆಸುಣ್ಣದ ಒಂದು ಗೆರೆಯಿಂದ ಆಗುವ ಇಂಥ ಕೆಲಸಕ್ಕೆ ಪ್ರೊಜೆಕ್ಟರ್ ಬೇಕಿಲ್ಲ.

ಜುಪಿಟರ್ ನೋಟ್‌ಬುಕ್ ಬಳಸುವ ಲ್ಯಾಬುಗಳಲ್ಲಿ ಎರಡೂ ಕೆಲಸ ಒಂದೇ ಪುಟದಲ್ಲಿ ನಡೆಯುತ್ತವೆ. ಅಲ್ಲಿ ಶೇಕಡಾ ಚಿಹ್ನೆ ಹಾಕಿ '%ಪಿಪ್ ಇನ್‌ಸ್ಟಾಲ್' ಎಂದು ಬರೆಯುತ್ತೇವೆ. ಆ ಚಿಹ್ನೆ ಇರುವ ಸಾಲು ಪೈಥಾನ್ ಭಾಷೆಯದಲ್ಲ, ನೋಟ್‌ಬುಕ್ಕಿಗೆ ಕೊಟ್ಟ ಆಜ್ಞೆ ಎಂದು ಬಿಡಿಸಿ ಹೇಳದಿದ್ದರೆ, ಮುಂದೆ ಅದೇ ಸಾಲನ್ನು ವಿದ್ಯಾರ್ಥಿಗಳು ಸಾಮಾನ್ಯ ಪೈಥಾನ್ ಫೈಲಿನಲ್ಲಿ ಬರೆದು ಕಂಗೆಡುತ್ತಾರೆ. ಹಲಗೆಯ ಗೆರೆ ಅಲ್ಲೂ ಬೇಕು.

ತರಿಸುವ ಹೆಸರು, ಕರೆಯುವ ಹೆಸರು

ಎರಡನೆಯ ತೊಡಕು ಹೆಸರಿನದು. ಮ್ಯಾಟ್‌ಪ್ಲಾಟ್‌ಲಿಬ್‌ಗೆ ಎರಡೂ ಕಡೆ ಒಂದೇ ಹೆಸರಿದೆ. ಎಲ್ಲದಕ್ಕೂ ಹಾಗಿಲ್ಲ. ಚಿತ್ರಗಳ ಕೆಲಸಕ್ಕೆ 'ಪಿಲ್ಲೋ' ಎಂದು ತರಿಸಿ 'ಪಿಐಎಲ್' ಎಂದು ಕರೆಯುತ್ತೇವೆ. 'ಓಪನ್‌ಸಿವಿ-ಪೈಥಾನ್' ಎಂದು ತರಿಸಿ 'ಸಿವಿ2' ಎಂದು ಕರೆಯುತ್ತೇವೆ. 'ಸೈಕಿಟ್-ಲರ್ನ್' ಎಂದು ತರಿಸಿದ್ದನ್ನು 'ಎಸ್‌ಕೆಲರ್ನ್' ಎನ್ನಬೇಕು. 'ಬ್ಯೂಟಿಫುಲ್‌ಸೂಪ್4' ಎಂಬುದು ಪ್ರೋಗ್ರಾಮಿನೊಳಗೆ 'ಬಿಎಸ್4'. ಶಾಲೆಯ ಹಾಜರಿಯಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು ಎಂದರೆ ಮಕ್ಕಳಿಗೆ ವಿವರಣೆ ಬೇಕಾಗುವುದಿಲ್ಲ.

ಅಕ್ಷರದ ನಿಯಮವೂ ಎರಡು ಕಡೆ ಬೇರೆ. ತರಿಸುವಾಗ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವನ್ನು ಪಿಪ್ ಮಾಡುವುದಿಲ್ಲ. ಅಡ್ಡಗೆರೆ ಹಾಕಿದರೂ ಕೆಳಗೆರೆ ಹಾಕಿದರೂ ಒಂದೇ ಎಂದು ತಿಳಿಯುತ್ತದೆ. ಕರೆಯುವಾಗ ಪೈಥಾನ್ ಒಂದೊಂದು ಅಕ್ಷರವನ್ನೂ ಹಾಗೇ ನೋಡುತ್ತದೆ. ಪಿಐಎಲ್ ಮೂರೂ ದೊಡ್ಡಕ್ಷರ, ಸಣ್ಣಕ್ಷರದಲ್ಲಿ ಬರೆದರೆ ಸಿಗುವುದಿಲ್ಲ. ಪಾಠಯೋಜನೆಯಲ್ಲಿ ಹೊಸ ಪ್ಯಾಕೇಜಿನ ಹೆಸರು ಬರುವಲ್ಲೆಲ್ಲ ಎರಡು ಕಾಲಂ ಹಾಕಿ, ತರಿಸುವ ಹೆಸರು, ಕರೆಯುವ ಹೆಸರು ಎಂದು ಬರೆದುಕೊಳ್ಳಲು ನಾನು ಪ್ರಶಿಕ್ಷಣಾರ್ಥಿಗಳಿಗೆ ಹೇಳುತ್ತೇನೆ.

ಕರೆದ ಮೇಲೂ ಹೆಸರಿನ ಪ್ರಶ್ನೆ ಮುಗಿಯುವುದಿಲ್ಲ. 'ಇಂಪೋರ್ಟ್ ಮ್ಯಾಥ್' ಎಂದವರು ವರ್ಗಮೂಲಕ್ಕೆ 'ಮ್ಯಾಥ್ ಡಾಟ್ ಎಸ್‌ಕ್ಯೂಆರ್‌ಟಿ' ಎನ್ನಬೇಕು. ಬರಿಯ 'ಎಸ್‌ಕ್ಯೂಆರ್‌ಟಿ' ಎಂದರೆ 'ನೇಮ್ ಎರರ್' ಬರುತ್ತದೆ. 'ಫ್ರಮ್ ಮ್ಯಾಥ್ ಇಂಪೋರ್ಟ್ ಎಸ್‌ಕ್ಯೂಆರ್‌ಟಿ' ಎಂದಿದ್ದರೆ ಬರಿಯ ಹೆಸರು ಸಾಕು. ಇದನ್ನು ಜೊತೆಯಲ್ಲೇ ಬಂದಿರುವ ಮ್ಯಾಥ್ ಮಾಡ್ಯೂಲಿನಲ್ಲಿ ಮೊದಲೇ ಕಲಿಸಿ ಮುಗಿಸಬೇಕು. ಆಗ ಹೊರಗಿನ ಪ್ಯಾಕೇಜಿನ ದಿನ ವಿದ್ಯಾರ್ಥಿ ಎದುರಿಸಬೇಕಾದ ಹೊಸ ವಿಷಯ ಒಂದೇ ಆಗಿರುತ್ತದೆ.

ಇದೆ ಅಂತಾನೂ ಹೇಳುತ್ತೆ, ಇಲ್ಲ ಅಂತಾನೂ ಹೇಳುತ್ತೆ

ಒಂದು ಪಿಯು ಕಾಲೇಜಿನ ಲ್ಯಾಬಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಪ್ರಶಿಕ್ಷಣಾರ್ಥಿಯನ್ನು ಕರೆದು ಕೇಳಿದಳು: "ಮಿಸ್, ಟರ್ಮಿನಲ್‌ನಲ್ಲಿ ಆಗಲೇ ಇದೆ ಅಂತ ಹೇಳ್ತಿದೆ. ಪ್ರೋಗ್ರಾಮ್ ಓಡಿಸಿದ್ರೆ ಇಲ್ಲ ಅಂತಿದೆ. ಯಾವುದನ್ನ ನಂಬಬೇಕು?" ಆ ಅವಧಿಯಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಅದು. ಪಿಪ್ 'ರಿಕ್ವೈರ್‌ಮೆಂಟ್ ಆಲ್‌ರೆಡಿ ಸ್ಯಾಟಿಸ್‌ಫೈಡ್' ಎಂದಿತ್ತು, ಪೈಥಾನ್ 'ನೋ ಮಾಡ್ಯೂಲ್ ನೇಮ್ಡ್' ಎಂದಿತ್ತು. ಎರಡೂ ನಿಜವನ್ನೇ ಹೇಳುತ್ತಿದ್ದವು.

ಒಂದು ಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ಪೈಥಾನ್ ಇರುವುದು ಸಾಮಾನ್ಯ. ಹಳೆಯ ಬ್ಯಾಚಿನವರು ಹಾಕಿದ್ದು ಒಂದು, ಈ ವರ್ಷ ಹಾಕಿದ್ದು ಒಂದು. ಆರಂಭಿಕರಿಗಾಗಿ ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಥಾನಿ' ಎಂಬ ಎಡಿಟರಿನೊಳಗೂ ಅದರದೇ ಪೈಥಾನ್ ಇರುತ್ತದೆ. ಪ್ರತಿ ಪೈಥಾನ್‌ಗೂ ತನ್ನದೇ ಬೀರು. ಟರ್ಮಿನಲ್ಲಿನ ಪಿಪ್ ಒಂದು ಬೀರುವಿನಲ್ಲಿ ಪುಸ್ತಕ ಇಟ್ಟಿದೆ, ಥಾನಿ ಇನ್ನೊಂದು ಬೀರುವಿನಲ್ಲಿ ಹುಡುಕುತ್ತಿದೆ. ಥಾನಿ ಬಳಸುವವರು ಅದರ 'ಟೂಲ್ಸ್' ಮೆನುವಿನಲ್ಲಿರುವ 'ಮ್ಯಾನೇಜ್ ಪ್ಯಾಕೇಜಸ್' ಮೂಲಕವೇ ತರಿಸಿದರೆ ಈ ಗೊಂದಲ ಇರುವುದಿಲ್ಲ.

ಟರ್ಮಿನಲ್ಲಿನಲ್ಲಿ ಕೆಲಸ ಮಾಡುವವರಿಗೆ ಬರಿಯ 'ಪಿಪ್ ಇನ್‌ಸ್ಟಾಲ್' ಬದಲು 'ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್' ಎಂದು ಮೊದಲ ದಿನದಿಂದಲೇ ಕಲಿಸಬೇಕು. ವಿಂಡೋಸ್‌ನಲ್ಲಿ 'ಪಿವೈ -ಎಂ ಪಿಪ್ ಇನ್‌ಸ್ಟಾಲ್' ಎನ್ನಬಹುದು. ಸಾಲು ಉದ್ದವಾದರೂ ಅರ್ಥ ಸ್ಪಷ್ಟ: 'ಈ ಪೈಥಾನ್‌ಗೆ ಸೇರಿದ ಪಿಪ್ ತರಲಿ'. ತನ್ನ ಪ್ರೋಗ್ರಾಮನ್ನು ಯಾವ ಪೈಥಾನ್ ನಡೆಸುತ್ತಿದೆ ಎಂದು ತಿಳಿಯಲು 'ಇಂಪೋರ್ಟ್ ಸಿಸ್' ಎಂದು ಬರೆದು 'ಸಿಸ್ ಡಾಟ್ ಎಕ್ಸಿಕ್ಯೂಟಬಲ್' ಅನ್ನು ಪ್ರಿಂಟ್ ಮಾಡಿಸಬೇಕು. ಪೈಥಾನ್ ಇರುವ ಪೂರ್ತಿ ವಿಳಾಸ ಬರುತ್ತದೆ. ಆ ಪ್ರಶಿಕ್ಷಣಾರ್ಥಿ ಮಾಡಿಸಿದ್ದು ಇದನ್ನೇ. ಟರ್ಮಿನಲ್ಲಿನಿಂದ ಒಂದು ವಿಳಾಸ, ಎಡಿಟರಿನಿಂದ ಇನ್ನೊಂದು. ಎರಡನ್ನೂ ಅಕ್ಕಪಕ್ಕ ಬರೆಸಿದರು. ಹುಡುಗಿ ನೋಡಿ, "ಓ, ಎರಡು ಪೈಥಾನ್ ಇದೆ" ಎಂದಳು. ಅವಳ ಪ್ರಶ್ನೆಗೆ ಅವಳೇ ಉತ್ತರ ಕೊಟ್ಟಳು. ಪ್ರಶಿಕ್ಷಣಾರ್ಥಿ ಕೀಲಿಮಣೆ ಮುಟ್ಟಲಿಲ್ಲ.

ಪ್ರತ್ಯೇಕ ಬೀರುವನ್ನು ನಾವೇ ಬೇಕೆಂದು ಮಾಡಿಕೊಳ್ಳುವುದೂ ಉಂಟು. 2012ರಲ್ಲಿ ಬಂದ ಪೈಥಾನ್ 3.3ರಿಂದ 'ವೆನ್ವ್' ಎಂಬ ಸೌಲಭ್ಯ ಅದಕ್ಕಾಗಿಯೇ ಇದೆ. ಒಂದು ಪ್ರಾಜೆಕ್ಟಿಗೆ ಒಂದು ಬೀರು, ಅಲ್ಲಿ ಏನು ತರಿಸಿದರೂ ಬೇರೆಯದಕ್ಕೆ ತಾಗುವುದಿಲ್ಲ. ಉಬುಂಟುವಿನ ಇತ್ತೀಚಿನ ಆವೃತ್ತಿಗಳಲ್ಲಿ ನೇರವಾಗಿ ಪಿಪ್ ಇನ್‌ಸ್ಟಾಲ್ ಎಂದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಎಂದು ಅದು ತಡೆಯುತ್ತದೆ. ಆಪರೇಟಿಂಗ್ ಸಿಸ್ಟಮ್ ತನ್ನ ಸ್ವಂತ ಕೆಲಸಕ್ಕೆ ಬಳಸುವ ಪೈಥಾನ್ ಅದು, ಅದರ ಬೀರುವನ್ನು ಕೆದಕಬೇಡಿ, ನಿಮ್ಮದೊಂದನ್ನು ಮಾಡಿಕೊಳ್ಳಿ ಎಂದು ಅದರ ಅರ್ಥ. ತಡೆಯನ್ನು ಬಲವಂತವಾಗಿ ಮೀರುವ ಆಯ್ಕೆ ಇದೆಯಾದರೂ ಅದನ್ನು ತರಗತಿಯಲ್ಲಿ ಕಲಿಸಬಾರದು.

ದೋಷ ಸಂದೇಶವನ್ನು ಪಠ್ಯದಂತೆ ಓದಿಸುವುದು

ಸಂದೇಶ ಬಂದ ಕೂಡಲೇ ಕಿಟಕಿ ಮುಚ್ಚುವುದು ವಿದ್ಯಾರ್ಥಿಗಳ ಅಭ್ಯಾಸ. ಅದನ್ನು ಓದಲು ಕಲಿಸುವುದೇ ಈ ಪಾಠದ ನಿಜವಾದ ಕಲಿಕಾ ಫಲ ಎಂದು ನನ್ನ ನಂಬಿಕೆ. ಇಲ್ಲಿ ಬರುವ ಸಂದೇಶಗಳು ಬೆರಳೆಣಿಕೆಯಷ್ಟು, ಪ್ರತಿಯೊಂದೂ ಒಂದು ಹಂತವನ್ನು ತೋರಿಸುತ್ತದೆ.

ಸಿಂಟ್ಯಾಕ್ಸ್ ಎರರ್ ಬಂದರೆ ಟರ್ಮಿನಲ್ಲಿನ ಸಾಲನ್ನು ಪೈಥಾನ್ ಕಡೆ ಬರೆದೆಯಾ ಎಂದು ನೋಡಬೇಕು.

'ಮಾಡ್ಯೂಲ್ ನಾಟ್ ಫೌಂಡ್ ಎರರ್' ಬಂದರೆ ಈ ಬೀರುವಿನಲ್ಲಿ ಆ ಹೆಸರಿನದು ಇಲ್ಲ ಎಂದರ್ಥ. ತರಿಸಿಲ್ಲವೋ, ಕರೆಯುವ ಹೆಸರು ತಪ್ಪೋ, ಬೇರೆ ಬೀರುವಿನಲ್ಲಿದೆಯೋ ಎಂದು ಇದೇ ಕ್ರಮದಲ್ಲಿ ವಿಚಾರಿಸಬೇಕು.

ನೇಮ್ ಎರರ್ ಬಂದರೆ ಕರೆಯುವ ಸಾಲನ್ನೇ ಬಿಟ್ಟಿದ್ದೇವೆ, ಅಥವಾ ಕರೆದ ಹೆಸರು ಒಂದು, ಬಳಸಿದ ಹೆಸರು ಇನ್ನೊಂದು.

'ನೋ ಮ್ಯಾಚಿಂಗ್ ಡಿಸ್ಟ್ರಿಬ್ಯೂಷನ್ ಫೌಂಡ್' ಎಂದು ಪಿಪ್ ಹೇಳಿದರೆ ಸ್ವಲ್ಪ ನಿಂತು ಓದಬೇಕು. ತರಿಸುವ ಹೆಸರು ತಪ್ಪಿದ್ದಾಗಲೂ ಇದೇ ಸಾಲು ಬರುತ್ತದೆ, ನೆಟ್ ಇಲ್ಲದಿದ್ದಾಗಲೂ ಕೊನೆಗೆ ಇದೇ ಸಾಲು ಬರುತ್ತದೆ, ನಮ್ಮ ಪೈಥಾನ್ ಆವೃತ್ತಿಗೆ ಹೊಂದುವ ಫೈಲು ಅಲ್ಲಿ ಇಲ್ಲದಿದ್ದಾಗಲೂ ಬರುತ್ತದೆ. ನೆಟ್ ಇಲ್ಲದಿದ್ದರೆ ಅದರ ಮೇಲಿನ ಸಾಲುಗಳಲ್ಲಿ 'ರಿಟ್ರೈಯಿಂಗ್' ಎಂಬ ಪದ ಹಲವು ಸಲ ಕಾಣುತ್ತದೆ. ಕೊನೆಯ ಸಾಲನ್ನು ಮಾತ್ರ ಓದುವವರು ಕಾಗುಣಿತ ತಿದ್ದುತ್ತಾ ಕೂರುತ್ತಾರೆ.

ಇನ್ನೊಂದು ತೊಡಕನ್ನು ಉದ್ದೇಶಪೂರ್ವಕವಾಗಿ ತರಗತಿಯಲ್ಲಿ ಮಾಡಿ ತೋರಿಸುವುದು ಒಳ್ಳೆಯದು. ರ್‍ಯಾಂಡಮ್ ಬಗ್ಗೆ ಅಭ್ಯಾಸ ಮಾಡುವ ವಿದ್ಯಾರ್ಥಿ ತನ್ನ ಫೈಲಿಗೂ 'ರ್‍ಯಾಂಡಮ್ ಡಾಟ್ ಪಿವೈ' ಎಂದೇ ಹೆಸರಿಡುತ್ತಾನೆ. ಸಹಜವೇ. ಪೈಥಾನ್ ಹುಡುಕುವಾಗ ಮೊದಲು ನೋಡುವುದು ಪ್ರೋಗ್ರಾಮ್ ಇರುವ ಫೋಲ್ಡರನ್ನು, ಹಾಗಾಗಿ ಅಸಲಿ ರ್‍ಯಾಂಡಮ್ ಬದಲು ವಿದ್ಯಾರ್ಥಿಯ ಫೈಲೇ ಸಿಗುತ್ತದೆ. ಆಗ 'ಆಟ್ರಿಬ್ಯೂಟ್ ಎರರ್' ಬರುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ಹೆಸರಿಟ್ಟು ಅದರೊಳಗಿನ ಪೈಪ್ಲಾಟ್ ಅನ್ನು ಕರೆದರೆ 'ಮ್ಯಾಟ್‌ಪ್ಲಾಟ್‌ಲಿಬ್ ಈಸ್ ನಾಟ್ ಎ ಪ್ಯಾಕೇಜ್' ಎನ್ನುತ್ತದೆ. ಸರಿಯಾಗಿ ತರಿಸಿ, ಸರಿಯಾಗಿ ಕರೆದವರಿಗೂ ಹೀಗಾಗುವುದರಿಂದ ಇದು ಹೆಚ್ಚು ನಿರಾಶೆ ತರುತ್ತದೆ. ಪೈಥಾನ್ 3.13ರಿಂದ ಸಂದೇಶವೇ ಫೈಲಿನ ಹೆಸರು ಬದಲಿಸಿ ನೋಡಿ ಎಂದು ಸೂಚಿಸುತ್ತದೆ. ಹಳೆಯ ಆವೃತ್ತಿ ಇರುವ ಲ್ಯಾಬಿನಲ್ಲಿ ಆ ಸೂಚನೆ ಶಿಕ್ಷಕರಿಂದಲೇ ಬರಬೇಕು.

ದೋಷ ಮತ್ತು ಎಚ್ಚರಿಕೆಯ ವ್ಯತ್ಯಾಸಕ್ಕೆ ನಮ್ಮ ಮಕ್ಕಳ ಅನುಭವದಲ್ಲೇ ಒಂದು ಉದಾಹರಣೆ ಸಿಗುತ್ತದೆ. ಗ್ರಾಫಿನ ಶೀರ್ಷಿಕೆಯನ್ನು ಅವರು ಕನ್ನಡದಲ್ಲಿ ಬರೆಯುತ್ತಾರೆ, ಪರದೆಯ ಮೇಲೆ ಅಕ್ಷರಗಳ ಬದಲು ಚೌಕಗಳು ಬರುತ್ತವೆ, ಜೊತೆಗೆ ಸಾಲುಸಾಲು ಎಚ್ಚರಿಕೆಗಳು. ಪ್ಯಾಕೇಜೇ ಕೆಟ್ಟಿದೆ ಎಂದು ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ. ಪ್ಯಾಕೇಜ್ ಬಂದಿದೆ, ಕರೆದದ್ದೂ ಆಗಿದೆ, ಗ್ರಾಫೂ ಮೂಡಿದೆ. ಅದು ಸಾಮಾನ್ಯವಾಗಿ ಬಳಸುವ ಡೆಜಾವು ಸ್ಯಾನ್ಸ್ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ, ಅಷ್ಟೇ. ಯಾವ ಹಂತ ಸರಿಯಾಗಿದೆ ಎಂದು ಹೇಳಬಲ್ಲವರು ಉಳಿದಿರುವ ತೊಂದರೆಯನ್ನು ಸರಿಯಾದ ಕಡೆ ಹುಡುಕುತ್ತಾರೆ.

ನೆಟ್ ಇಲ್ಲದ ಲ್ಯಾಬಿನಲ್ಲಿ

ನಮ್ಮ ಬೋಧನಾಭ್ಯಾಸ ನಡೆಯುವ ಎಷ್ಟೋ ಲ್ಯಾಬುಗಳಲ್ಲಿ ನೆಟ್ ಇರುವುದಿಲ್ಲ, ಇದ್ದರೂ ಎಲ್ಲ ಯಂತ್ರಗಳೂ ಒಟ್ಟಿಗೆ ಇಳಿಸಲು ಹೊರಟರೆ ನಿಲ್ಲುತ್ತದೆ. ಅದಕ್ಕಾಗಿ ಪಾಠ ಕೈಬಿಡಬೇಕಿಲ್ಲ. ನೆಟ್ ಇರುವ ಕಡೆ 'ಪಿಪ್ ಡೌನ್‌ಲೋಡ್' ಎಂಬ ಕಮಾಂಡಿನಿಂದ ಪ್ಯಾಕೇಜಿನ ಫೈಲುಗಳನ್ನು ಒಂದು ಫೋಲ್ಡರಿಗೆ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಲ್ಯಾಬಿಗೆ ಒಯ್ಯಬಹುದು. ಅಲ್ಲಿ ಪಿಪ್ ಇನ್‌ಸ್ಟಾಲ್ ಸಾಲಿಗೆ 'ನೋ-ಇಂಡೆಕ್ಸ್' ಮತ್ತು 'ಫೈಂಡ್-ಲಿಂಕ್ಸ್' ಎಂಬ ಎರಡು ಆಯ್ಕೆಗಳನ್ನು ಸೇರಿಸಿದರೆ, ಅದು ಇಂಟರ್‌ನೆಟ್ಟಿಗೆ ಹೋಗದೆ ನಾವು ತೋರಿಸಿದ ಫೋಲ್ಡರಿನಲ್ಲೇ ಹುಡುಕುತ್ತದೆ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಇಳಿಸಿದ ಫೈಲುಗಳು ಲ್ಯಾಬಿನ ಪೈಥಾನ್ ಆವೃತ್ತಿಗೂ ಆಪರೇಟಿಂಗ್ ಸಿಸ್ಟಮಿಗೂ ಹೊಂದಬೇಕು. ನಮ್‌ಪೈಯಂಥ ಪ್ಯಾಕೇಜಿನ ಫೈಲ್ ಹೆಸರಿನಲ್ಲೇ ಅದು ಬರೆದಿರುತ್ತದೆ: 'ಸಿಪಿ311' ಎಂದಿದ್ದರೆ ಪೈಥಾನ್ 3.11ಕ್ಕೆ, 'ವಿನ್' ಎಂದಿದ್ದರೆ ವಿಂಡೋಸ್‌ಗೆ. ಆದ್ದರಿಂದ ಮುನ್ನಾ ದಿನವೇ ಲ್ಯಾಬಿಗೆ ಹೋಗಿ ಆವೃತ್ತಿ ಬರೆದುಕೊಂಡು ಬರಬೇಕು. ಎರಡನೆಯದು, ಒಂದು ಪ್ಯಾಕೇಜ್ ಒಂಟಿಯಾಗಿ ಬರುವುದಿಲ್ಲ. ಮ್ಯಾಟ್‌ಪ್ಲಾಟ್‌ಲಿಬ್ ಕೇಳಿದರೆ ನಮ್‌ಪೈ, ಪಿಲ್ಲೋ, ಪೈಥಾನ್-ಡೇಟ್‌ಯುಟಿಲ್ ಮುಂತಾಗಿ ಹತ್ತರ ಆಸುಪಾಸು ಪ್ಯಾಕೇಜ್‌ಗಳು ಜೊತೆಗೆ ಬರುತ್ತವೆ. ಪಿಪ್ ಡೌನ್‌ಲೋಡ್ ಅವನ್ನೆಲ್ಲ ತಾನೇ ಸೇರಿಸುತ್ತದೆ. ಒಂದೇ ಫೈಲನ್ನು ಕೈಯಾರೆ ನಕಲು ಮಾಡಿ ಒಯ್ದರೆ ಉಳಿದವು ಬರುವುದಿಲ್ಲ. ಆ ಫೋಲ್ಡರನ್ನು ತೆರೆದು ಎಷ್ಟು ಫೈಲುಗಳಿವೆ ಎಂದು ವಿದ್ಯಾರ್ಥಿಗಳಿಂದ ಎಣಿಸಿದರೆ, ಒಂದರ ಬೆನ್ನಿಗೆ ಎಷ್ಟು ಜನರ ಕೆಲಸ ಇದೆ ಎಂಬುದು ಅವರ ಕಣ್ಣಿಗೇ ಬೀಳುತ್ತದೆ.

ಯಾರು ಬರೆದದ್ದು ಎಂದು ಕೇಳುವ ಅಭ್ಯಾಸ

ಪೈಪಿಐಗೆ ಖಾತೆ ತೆರೆದ ಯಾರೇ ಆದರೂ ಪ್ಯಾಕೇಜ್ ಏರಿಸಬಹುದು. ಅದೇ ಅದರ ಬಲ. ಅದನ್ನು ದುರುಪಯೋಗ ಮಾಡಿದವರೂ ಇದ್ದಾರೆ. 2017ರಲ್ಲಿ ಸ್ಲೊವಾಕಿಯಾದ ಭದ್ರತಾ ಸಂಸ್ಥೆಯು, ಪ್ರಸಿದ್ಧ ಹೆಸರುಗಳನ್ನೇ ಹೋಲುವ ಹತ್ತು ನಕಲಿ ಪ್ಯಾಕೇಜ್‌ಗಳು ಅಲ್ಲಿರುವುದನ್ನು ಪತ್ತೆ ಮಾಡಿತು. 2019ರ ಡಿಸೆಂಬರಿನಲ್ಲಿ ಎರಡು ನಕಲಿಗಳನ್ನು ತೆಗೆದುಹಾಕಲಾಯಿತು. ಒಂದು 'ಜೆಲ್ಲಿಫಿಶ್' ಎಂಬ ಪ್ಯಾಕೇಜಿನ ಹೆಸರಿನಲ್ಲಿ ಸಣ್ಣ 'ಎಲ್' ಜಾಗಕ್ಕೆ ದೊಡ್ಡ 'ಐ' ಇಟ್ಟದ್ದು. ಪರದೆಯ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣದು. ಅದು ಸುಮಾರು ಒಂದು ವರ್ಷ ಅಲ್ಲೇ ಇತ್ತು. ಇನ್ನೊಂದರ ಹೆಸರು 'ಪೈಥಾನ್3-ಡೇಟ್‌ಯುಟಿಲ್'. ಮೇಲೆ ಹೇಳಿದ, ಮ್ಯಾಟ್‌ಪ್ಲಾಟ್‌ಲಿಬ್ ಜೊತೆ ಬರುವ ಅಸಲಿ ಪೈಥಾನ್-ಡೇಟ್‌ಯುಟಿಲ್‌ಗೆ ಒಂದು '3' ಸೇರಿಸಿದ್ದು. ಯಂತ್ರದಲ್ಲಿದ್ದ ಗುಪ್ತ ಕೀಲಿಗಳನ್ನು ಕದಿಯುವುದು ಇವುಗಳ ಉದ್ದೇಶವಾಗಿತ್ತು.

ಪುಸ್ತಕದ ಹೋಲಿಕೆ ನಿಲ್ಲುವುದು ಇಲ್ಲೇ: ತಂದದ್ದು ನಮ್ಮ ಯಂತ್ರದಲ್ಲಿ ಕೆಲಸ ಮಾಡುತ್ತದೆ. ಮಕ್ಕಳನ್ನು ಹೆದರಿಸುವ ಅಗತ್ಯವಿಲ್ಲ. ಹೆಸರನ್ನು ಕಿವಿಯಲ್ಲಿ ಕೇಳಿ ಊಹಿಸಿ ಟೈಪ್ ಮಾಡದೆ, ಆ ಪ್ಯಾಕೇಜಿನ ಅಧಿಕೃತ ದಾಖಲೆಯಲ್ಲಿರುವ ಹೆಸರನ್ನು ನೋಡಿ ಬರೆಯುವುದು, ಎಂಟರ್ ಒತ್ತುವ ಮೊದಲು ಒಮ್ಮೆ ಓದುವುದು, ಶಿಕ್ಷಕರು ಕೊಟ್ಟ ಪಟ್ಟಿಯ ಆಚೆಯದನ್ನು ಕೇಳಿ ತರಿಸುವುದು, ಈ ಮೂರು ಅಭ್ಯಾಸ ಸಾಕು. ತರಿಸುವ ಹೆಸರು, ಕರೆಯುವ ಹೆಸರು ಎಂಬ ಎರಡು ಕಾಲಮಿನ ಪಟ್ಟಿ ಇಲ್ಲೂ ಕೆಲಸಕ್ಕೆ ಬರುತ್ತದೆ.

ಪಾಠಯೋಜನೆಗೆ ಕೆಲವು ಸೂಚನೆಗಳು

ಈ ಪಾಠಕ್ಕೆ ಎರಡು ಅವಧಿ ಬೇಕು. ಒಂದರಲ್ಲೇ ಇನ್‌ಸ್ಟಾಲ್, ಇಂಪೋರ್ಟ್, ಗ್ರಾಫ್ ಮೂರನ್ನೂ ತುಂಬಿದರೆ ಮೊದಲ ಎರಡೂ ಅಡಚಣೆಗಳಂತೆ ಕಾಣುತ್ತವೆ.

ಮೊದಲ ಅವಧಿಯ ತೊಡಗಿಸುವಿಕೆಯಲ್ಲಿ, ಪ್ಯಾಕೇಜ್ ಇಲ್ಲದ ಯಂತ್ರದಲ್ಲಿ 'ಇಂಪೋರ್ಟ್ ಮ್ಯಾಟ್‌ಪ್ಲಾಟ್‌ಲಿಬ್' ಎಂದು ಬರೆಸಿ, ದೋಷ ಬರುವುದನ್ನು ಎಲ್ಲರೂ ನೋಡಲಿ. ಮೊದಲ ದೋಷ ಶಿಕ್ಷಕರು ಬೇಕೆಂದೇ ತಂದದ್ದಾದರೆ ಅದಕ್ಕೆ ಯಾರೂ ಅಂಜುವುದಿಲ್ಲ. ಅನ್ವೇಷಣೆಯಲ್ಲಿ ಸಂದೇಶದ ಕೊನೆಯ ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿ, ಇಬ್ಬಿಬ್ಬರು ಸೇರಿ ಅದರ ಅರ್ಥವನ್ನು ಕನ್ನಡದಲ್ಲಿ ಬರೆಯಲಿ. ವಿವರಣೆಯಲ್ಲಿ ಬೀರು ಮತ್ತು ಮೇಜು, ಹಲಗೆಯ ಎರಡು ಭಾಗ. ಆಮೇಲೆ ತರಿಸುವುದು, ಕರೆಯುವುದು. ಜೋಡಿಯಲ್ಲಿ ಒಬ್ಬರು ಟರ್ಮಿನಲ್ ಕಡೆಯ ಕೆಲಸ, ಇನ್ನೊಬ್ಬರು ಪೈಥಾನ್ ಕಡೆಯ ಕೆಲಸ ಮಾಡಿ, ನಂತರ ಜಾಗ ಬದಲಿಸಿಕೊಳ್ಳಬೇಕು. ಇಲ್ಲದಿದ್ದರೆ ಕೀಲಿಮಣೆ ಒಬ್ಬರ ಕೈಯಲ್ಲೇ ಉಳಿಯುತ್ತದೆ. ಎರಡನೆಯ ಅವಧಿಯಲ್ಲಿ ತಮ್ಮ ತರಗತಿಯ ಒಂದು ವಾರದ ಹಾಜರಾತಿಯನ್ನು ಗ್ರಾಫಿಗೆ ಇಳಿಸುವುದು.

ಮೌಲ್ಯಮಾಪನಕ್ಕೆ ಗ್ರಾಫ್ ಬಂತೇ ಇಲ್ಲವೇ ಎಂಬುದು ಸಾಕಾಗದು. ನಾಲ್ಕು ದೋಷ ಸಂದೇಶಗಳನ್ನು ಚೀಟಿಯಲ್ಲಿ ಬರೆದುಕೊಟ್ಟು, 'ಇದು ತರಿಸುವಾಗ ಆದದ್ದೋ, ಕರೆಯುವಾಗ ಆದದ್ದೋ? ಮೊದಲು ಏನು ನೋಡುತ್ತೀಯ?' ಎಂದು ಕೇಳಿದರೆ ಕಲಿತದ್ದು ಗೊತ್ತಾಗುತ್ತದೆ. ಇದಕ್ಕೆ ಕಂಪ್ಯೂಟರೂ ಬೇಡ, ವಿದ್ಯುತ್ತೂ ಬೇಡ.

ಪಾಠ ಅವಲೋಕಿಸುವ ನಮ್ಮಂಥವರಿಗೂ ಒಂದು ಮಾತು. ಎಲ್ಲ ಯಂತ್ರಗಳಲ್ಲೂ ಮುಂಚಿತವಾಗಿ ಪ್ಯಾಕೇಜ್ ಹಾಕಿಟ್ಟು ದೋಷವಿಲ್ಲದೆ ಪಾಠ ಮುಗಿಸಿದವರಿಗೆ ನಾವು ಸುಲಭವಾಗಿ ಹೆಚ್ಚು ಅಂಕ ಕೊಡುತ್ತೇವೆ. ಗ್ರಾಫೇ ಪಾಠದ ಉದ್ದೇಶವಾಗಿದ್ದರೆ ಹಾಗೆ ಸಿದ್ಧಮಾಡ
ಿಟ್ಟುಕೊಳ್ಳುವುದು ಸರಿ. ಪ್ಯಾಕೇಜ್ ತರಿಸಿ ಕರೆಯುವುದೇ ಉದ್ದೇಶವಾಗಿದ್ದರೆ, ದೋಷ ಬಂದಾಗ ಪ್ರಶಿಕ್ಷಣಾರ್ಥಿಯ ಕೈ ಎಲ್ಲಿತ್ತು ಎಂದು ಅವಲೋಕನ ಪುಸ್ತಕದಲ್ಲಿ ಬರೆಯೋಣ. ವಿದ್ಯಾರ್ಥಿಯ ಕೀಲಿಮಣೆಯ ಮೇಲಿತ್ತೇ, ಅಥವಾ ಪರದೆಯ ಮೇಲಿನ ಸಂದೇಶವನ್ನು ತೋರಿಸುತ್ತಿತ್ತೇ? ಎರಡನೆಯದಾಗಿದ್ದರೆ, ಮುಂದಿನ ವಾರ ಬೇರೆ ಯಂತ್ರ, ಬೇರೆ ಪ್ಯಾಕೇಜ್ ಸಿಕ್ಕಿದಾಗ ಆ ವಿದ್ಯಾರ್ಥಿ ಕೈಯೆತ್ತಿ ಕರೆಯುವ ಮೊದಲು ಸಂದೇಶವನ್ನು ತಾನೇ ಒಮ್ಮೆ ಓದಿ ನೋಡುತ್ತಾಳೆ.